ಆ ಅಧ್ಯಾಯ ಎಲ್ಲಿ ಹೋಯಿತು?

ಪ್ರೀತಿಯ ತಂಗಿ,

ಪೋಪ್ ಐದನೇ ನಿಕೋಲಸ್ ಬಗ್ಗೆ ನೀನು ಬರೆದಿದ್ದನ್ನು ಎರಡು ರಾತ್ರಿ ಕೂತು ಓದಿದೆ. ಪ್ರಕಾಶಕರು ಯಾರು, ಮುನ್ನುಡಿ ಯಾರಿಂದ ಬರೆಸಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ, ಬಿಡು. ನನಗೆ ಸಂಕಟವಾಗಿದ್ದು ನಿನ್ನ ಪತ್ರದ ಕೊನೆಯ ಸಾಲು. ನಿಕೋಲಸ್‌ನಂಥ ಕಲಾಪೋಷಕನ ತಪ್ಪು ತೋರಿಸಿದರೆ ಪುಸ್ತಕಕ್ಕೆ ಹಣ ಕೊಡುವವರಿಗೆ ಇರಿಸುಮುರಿಸಾದೀತು ಅಂತ ರೋಮಿನ ಪ್ರಾಚೀನ ಕ್ರೀಡಾಂಗಣ ಕೊಲೊಸಿಯಂನ ಅಧ್ಯಾಯವನ್ನು ನೀನೇ ತೆಗೆದುಬಿಟ್ಟೆಯಂತೆ. ಅವರು ಕೇಳಿರಲಿಲ್ಲ ಅಲ್ವಾ?

ಮೊದಲ ಭಾಗ ಎಷ್ಟು ಚೆನ್ನಾಗಿದೆ ಗೊತ್ತಾ! ಓದಲು ದುಡ್ಡಿಲ್ಲದೆ ಫ್ಲಾರೆನ್ಸಿನ ಶ್ರೀಮಂತರ ಮನೆಗಳಲ್ಲಿ ಪಾಠ ಹೇಳಿದ ಹುಡುಗ 1447ರಲ್ಲಿ ಪೋಪ್ ಆದ, ಎಂಟೇ ವರ್ಷದಲ್ಲಿ ಸಾವಿರದಷ್ಟು ಹಸ್ತಪ್ರತಿ ಕೂಡಿಸಿ ವ್ಯಾಟಿಕನ್ ಲೈಬ್ರರಿಗೆ ಅಡಿಪಾಯ ಹಾಕಿದ, ಫ್ರಾ ಆಂಜೆಲಿಕೊ ಕೈಲಿ ತನ್ನ ಪ್ರಾರ್ಥನಾ ಕೋಣೆಯ ಗೋಡೆ ತುಂಬ ಚಿತ್ರ ಬರೆಸಿದ. ಅದೇ ಮನುಷ್ಯನ ಕಟ್ಟಡಗಳಿಗೆ 1452ರಲ್ಲಿ ಕೊಲೊಸಿಯಂನಿಂದ 2,500ಕ್ಕೂ ಜಾಸ್ತಿ ಗಾಡಿ ಕಲ್ಲು ಹೋಯಿತು. ಹಳೆಯ ರೋಮಿನ ಪುಸ್ತಕಗಳನ್ನು ಎದೆಗೊತ್ತಿಕೊಂಡವನು ಹಳೆಯ ರೋಮಿನ ಕಲ್ಲನ್ನು ಕೀಳಿಸಿದ. ಇದನ್ನು ಬಿಟ್ಟರೆ ಅವನು ನಮಗೆ ಅರ್ಧ ಮಾತ್ರ ಸಿಗುತ್ತಾನೆ.

ಇನ್ನು ಆ ಕಾಲದ ವಿದ್ವಾಂಸ ಲೊರೆಂಜೊ ವಲ್ಲಾ. ಅವನನ್ನು ಒಂದೇ ಪ್ಯಾರಾದಲ್ಲಿ ಮುಗಿಸಿದ್ದೀಯ, ಸಿಟ್ಟು ಬಂತು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಪಶ್ಚಿಮದ ಸಾಮ್ರಾಜ್ಯವನ್ನೇ ಪೋಪ್‌ಗೆ ದಾನ ಕೊಟ್ಟ ಅನ್ನುವ ಪತ್ರ ಖೋಟಾ ಅಂತ 1440ರಲ್ಲಿ ತೋರಿಸಿದವನು ಅವನು. ರೋಮಿನ ಪತ್ರದಲ್ಲಿ ಪರ್ಷಿಯಾದ ಪ್ರಾಂತ್ಯಾಧಿಕಾರಿಗಳನ್ನು ಕರೆಯುವ ‘ಸತ್ರಪರು’ ಅನ್ನುವ ಮಾತಿಗೆ ಏನು ಕೆಲಸ ಅಂತ ಕೇಳಿದ. ಹೌದು, ಆಗ ಅವನಿಗೆ ನೇಪಲ್ಸ್ ರಾಜನ ಆಸರೆ ಇತ್ತು, ಆ ರಾಜನಿಗೂ ಆಗಿನ ಪೋಪ್‌ಗೂ ಜಗಳ. ಅದನ್ನೂ ಬರಿ. ಅಂಥವನಿಗೆ ನಿಕೋಲಸ್ ತನ್ನ ಕಚೇರಿಯಲ್ಲೇ ಕೆಲಸ ಕೊಟ್ಟ. ಥುಸಿಡಿಡೀಸನ ಗ್ರೀಕ್ ಇತಿಹಾಸವನ್ನು ಲ್ಯಾಟಿನ್ನಿಗೆ ತಂದಿದ್ದಕ್ಕೆ 500 ಸ್ಕೂಡಿ, ಅಂದರೆ ಚಿನ್ನದ ನಾಣ್ಯ, ಕೈಯಾರೆ ಕೊಟ್ಟ. ನೀನು ಹೆದರಿದ್ದು ಯಾರಿಗೆ ಹೇಳು?

ನಾನೂ ಇಪ್ಪತ್ತೆಂಟರಲ್ಲಿ ಇದೇ ಮಾಡಿದ್ದೆ. ಒಂದು ಸಂಸ್ಥೆಯ ಸಹಾಯಧನ ಬರುವುದಿತ್ತು. ಸುಮ್ನೆ ಯಾಕೆ ಅಂತ ಹನ್ನೊಂದು ಪುಟ ಹರಿದು ಹಾಕಿದೆ. ಪುಸ್ತಕ ಬಂತು, ಶಾಲು ಹೊದಿಸಿದರು. ಈಗ ಆ ಪುಟಗಳನ್ನು ಮತ್ತೆ ಬರೆಯಲು ಕೂತರೆ ಘಟನೆಗಳೇನೋ ನೆನಪಾಗುತ್ತವೆ, ಆವತ್ತಿನ ಸಿಟ್ಟು ಬರುವುದಿಲ್ಲ.

ನಿನ್ನ ಹತ್ತಿರ ಆ ಅಧ್ಯಾಯ ಇನ್ನೂ ಇದೆ ತಾನೇ? ಅಳಿಸಬೇಡ. ತಿದ್ದುವುದೂ ಬೇಡ, ಇದ್ದ ಹಾಗೇ ಭಾನುವಾರದೊಳಗೆ ನನಗೆ ಕಳಿಸು.