ಕಡಲಾಮೆ ಬರುವ ತಿಂಗಳಲ್ಲಿ ದಂಡೆಯ ದೀಪ ಆರಿಸಿ

ಮಾನ್ಯ ಸಂಪಾದಕರೇ,

ನಾನು ಸಾಗರದಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿರುವವಳು. ವಯಸ್ಸು 49. ಈ ಸಂಕ್ರಾಂತಿ ರಜೆಯಲ್ಲಿ ತಂಗಿಯ ಮಗಳ ಜೊತೆ ಬೆನ್ನಿಗೆ ಚೀಲ ಹಾಕಿಕೊಂಡು ಕುಮಟಾದಿಂದ ಗೋಕರ್ಣದವರೆಗೆ ಕಡಲ ದಂಡೆ ಹಿಡಿದು ನಡೆದೆ. ಎರಡು ಹಗಲು, ಒಂದು ರಾತ್ರಿ. ಆ ರಾತ್ರಿ ಕಂಡದ್ದನ್ನು ಹೇಳಲೇಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಬೆಳಗಿನ ಮೊದಲ ಬಸ್ಸಿಗೆ ಗೇರುಸೊಪ್ಪ ಘಟ್ಟ ಇಳಿದು ಹೊನ್ನಾವರ, ಅಲ್ಲಿಂದ ಕುಮಟಾ. ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು. ವನ್ನಳ್ಳಿಯಿಂದ ನಡೆಯಲು ಶುರು ಮಾಡಿದೆವು. ಈ ದಾರಿಯ ಸೊಗಸು ಏನೆಂದರೆ ಮರಳು ಮುಗಿಯುತ್ತಿದ್ದಂತೆ ಗುಡ್ಡ, ಗುಡ್ಡ ಇಳಿಯುತ್ತಿದ್ದಂತೆ ಮತ್ತೆ ಮರಳು. ಗುಡ್ಡದ ಮೇಲೆ ಕೆಂಪು ಚಿರೆಕಲ್ಲು, ಒಣಹುಲ್ಲು. ಕೆಳಗೆ ಕಪ್ಪು ಬಂಡೆಗೆ ನೀರು ಬಡಿಯುವ ಸದ್ದು. ಬಾಡದ ಹತ್ತಿರ ಒಬ್ಬ ಅಮ್ಮ ಮುರುಗಲ ಹಣ್ಣಿನ ಪಾನಕ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಇಷ್ಟು ಚಂದದ ಜಾಗ ನಮ್ಮ ಊರಿನಿಂದ ಮೂರು ನಾಲ್ಕು ತಾಸಿನ ದಾರಿಯಲ್ಲಿ ಇದ್ದೂ ಇಷ್ಟು ವರ್ಷ ನಾನು ನೋಡಿರಲಿಲ್ಲ.

ಸಂಜೆ ಮೀನುಗಾರರ ಮನೆಯೊಂದರ ಹಿತ್ತಲಿನಲ್ಲಿ, ತೆಂಗಿನ ಮರಗಳ ನಡುವೆ ಟೆಂಟ್ ಹಾಕಲು ಜಾಗ ಸಿಕ್ಕಿತು. ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ಚಿಕ್ಕಂದಿನಲ್ಲಿ ರಂಪಣಿ ಬಲೆ ಎಳೆದವರು. ಊಟ ಆದ ಮೇಲೆ ಅವರೇ ಕರೆದರು: "ಅಕ್ಕಾ, ಈಗ ಆಮೆ ಬರೂ ಕಾಲ. ಬೇಕಾದ್ರೆ ಬನ್ನಿ. ಆದ್ರೆ ಬ್ಯಾಟ್ರಿ ಹಾಕೂದು ಬೇಡ, ಮಾತೂ ಬೇಡ."

ಗಾಳಿಮರಗಳ ನೆರಳಲ್ಲಿ ಸುಮ್ನೆ ಕುಳಿತೆವು. ಸುಮಾರು ಹನ್ನೊಂದು ಗಂಟೆಗೆ ನೀರಿನ ಅಂಚಿನಲ್ಲಿ ಒಂದು ಕಪ್ಪು ಗುಂಡುಕಲ್ಲು ಕಂಡಿತು. ಮೊದಲು ಅದು ಅಲ್ಲಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಲ್ಲು ಅಲುಗಾಡಿತು. ಎರಡಡಿಗಿಂತ ಉದ್ದ ಇತ್ತು. ನಾಲ್ಕು ಹೆಜ್ಜೆ ಎಳೆದುಕೊಂಡು ಬರುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಅದು ಉಸಿರು ಬಿಡುವುದು ನಮಗೆ ಕೇಳುತ್ತಿತ್ತು. ತಂಗಿಯ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು.

ಅಷ್ಟರಲ್ಲಿ ಉತ್ತರದ ಕಡೆ, ಇನ್ನೂರು ಮುನ್ನೂರು ಅಡಿ ದೂರದಲ್ಲಿ ಬೆಂಕಿ ಎದ್ದಿತು. ಸುಮಾರು ಮೂವತ್ತು ಜನರ ಒಂದು ಚಾರಣದ ಗುಂಪು. ಮರಳಿನ ಮೇಲೇ ಸಾಲಾಗಿ ಟೆಂಟ್, ಬಿದಿರಿನ ಕೋಲಿಗೆ ಸುತ್ತಿದ ದೀಪದ ಮಾಲೆ, ಜೋರಾಗಿ ಸ್ಪೀಕರ್. ಇಬ್ಬರು ಹುಡುಗರು ಹಣೆಗೆ ಕಟ್ಟಿಕೊಂಡ ಟಾರ್ಚಿನಲ್ಲಿ ಏಡಿ ಹುಡುಕುತ್ತಾ ನಮ್ಮ ಕಡೆಗೇ ಬಂದರು. ಬಿಳಿ ಬೆಳಕು ಮರಳಿನ ಮೇಲೆ ಹರಿದಾಡಿತು. ಆಮೆ ನಿಂತಿತು. ತಲೆ ಎತ್ತಿತು. ಆಮೇಲೆ ನಿಧಾನವಾಗಿ ತಿರುಗಿ, ಬಂದ ದಾರಿಯಲ್ಲೇ ನೀರಿಗೆ ಹೋಯಿತು.

ಅಜ್ಜ ಏನೂ ಹೇಳಲಿಲ್ಲ. ಎದ್ದು ಮನೆಗೆ ನಡೆದರು.

ಬೆಳಿಗ್ಗೆ ಹೋಗಿ ನೋಡಿದೆ. ಆಮೆಯ ಹೆಜ್ಜೆ ಹೇಗಿರುತ್ತದೆ ಗೊತ್ತಾ? ನಡುವೆ ಹೊಟ್ಟೆ ಎಳೆದ ಗುರುತು, ಎರಡೂ ಬದಿಗೆ ಒಂದರ ಹಿಂದೆ ಒಂದು ಕಾಜಾ ಹೊಲಿದ ಹಾಗೆ ಕಾಲಿನ ಗುರುತು. ನೀರಿನಿಂದ ಮೇಲೆ ಬಂದು, ಸಣ್ಣ ಬಳಸು ಹಾಕಿ, ಮತ್ತೆ ನೀರಿಗೇ ಸೇರಿತ್ತು. ಗುಂಡಿ ತೋಡಿದ ಗುರುತು ಎಲ್ಲೂ ಇರಲಿಲ್ಲ. ಅದರ ಪಕ್ಕದಲ್ಲೇ ಆ ಗುಂಪಿನವರ ಬೂದಿ, ಚಿಪ್ಸ್ ಪ್ಯಾಕೆಟ್, ನೀರಿನ ಬಾಟಲಿ ಬಿದ್ದಿದ್ದವು.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಮಾತನಾಡಿಸಿದೆ. ಒಳ್ಳೆಯ ಮಕ್ಕಳು, ಕೇಳಿ ಮುಖ ಸಣ್ಣದು ಮಾಡಿಕೊಂಡರು. "ನಮಗೆ ಯಾರೂ ಹೇಳಲೇ ಇಲ್ಲ ಆಂಟಿ" ಅಂದರು. ನನಗೂ ಅಜ್ಜ ಹೇಳುವವರೆಗೆ ಗೊತ್ತಿರಲಿಲ್ಲ. ಆದರೆ ಒಬ್ಬೊಬ್ಬರಿಂದ ಸಾವಿರಾರು ರೂಪಾಯಿ ತೆಗೆದುಕೊಂಡು ಕರೆತರುವವರಿಗೆ ಗೊತ್ತಿರಬೇಕು ಅಲ್ವಾ? ಬೆಂಕಿ, ದೀಪದ ಮಾಲೆ, ಸ್ಪೀಕರ್ ಎಲ್ಲ ಆ ದುಡ್ಡಿನಲ್ಲೇ ಸೇರಿತ್ತಂತೆ.

ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಜಾತಿಯ ಕಡಲಾಮೆ. ಒಡಿಶಾದ ಗಹಿರ್ಮಾಥಾದಲ್ಲಿ, ಋಷಿಕುಲ್ಯಾದಲ್ಲಿ ಬರುವಂತೆ ಇಲ್ಲಿ ಲಕ್ಷಗಟ್ಟಲೆ ಬರುವುದಿಲ್ಲ. ಕಾರವಾರ, ಕುಮಟಾ, ಹೊನ್ನಾವರದ ದಂಡೆಗಳಿಗೆ ಒಂದೊಂದೇ ಬರುತ್ತವೆ. ಅದಕ್ಕೇ ಇಲ್ಲಿ ಒಂದು ಆಮೆ ವಾಪಸ್ ಹೋದರೂ ದೊಡ್ಡ ನಷ್ಟ. ಒಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ. ಬೆಳಕಿಗೆ ಹೆದರಿ ಹೋದ ಆಮೆ ಇನ್ನೊಂದು ರಾತ್ರಿ, ಇನ್ನೊಂದು ಕಡೆ ಬರಬಹುದು. ಆದರೆ ಅಲ್ಲೂ ಬೆಂಕಿ, ದೀಪ ಇದ್ದರೆ?

ಮರಿಗಳ ಪಾಡು ಇನ್ನೂ ಕಷ್ಟ. 45ರಿಂದ 60 ದಿನಕ್ಕೆ ಮೊಟ್ಟೆ ಒಡೆದು, ಹೆಚ್ಚಾಗಿ ರಾತ್ರಿಯೇ ಮರಿಗಳು ಮರಳಿನಿಂದ ಹೊರಗೆ ಬರುತ್ತವೆ. ಅವಕ್ಕೆ ದಾರಿ ತೋರಿಸಲು ತಾಯಿ ಇರುವುದಿಲ್ಲ. ಯಾವ ಕಡೆ ಆಕಾಶದ ಅಂಚು ಬೆಳ್ಳಗೆ ಕಾಣುತ್ತದೋ ಆ ಕಡೆ ಓಡುತ್ತವೆ. ಕತ್ತಲೆಯ ದಂಡೆಯಲ್ಲಿ ಬೆಳ್ಳಗಿರುವುದು ಕಡಲು. ಹಿಂದೆ ದೀಪ ಇದ್ದರೆ ಊರಿನ ಕಡೆ ತಿರುಗುತ್ತವೆ. ನಾಯಿ, ಕಾಗೆ, ಏಡಿಯ ಬಾಯಿಗೆ ಬೀಳುತ್ತವೆ, ಇಲ್ಲ ಬೆಳಗಿನ ಬಿಸಿಲಿಗೆ ಒಣಗುತ್ತವೆ. ಬದುಕಿ ಉಳಿದ ಹೆಣ್ಣುಗಳು ದೊಡ್ಡವಾಗಿ, ಹುಟ್ಟಿದ ಕರಾವಳಿಗೇ ಮೊಟ್ಟೆ ಇಡಲು ಬರುತ್ತವೆ. ಅದಕ್ಕೆ ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಅಂದರೆ ನಾವು ನೋಡಿದ ಆ ತಾಯಿ ಇದೇ ಕರಾವಳಿಯ ಮರಳಿನಲ್ಲಿ ಹುಟ್ಟಿದ್ದಿರಬಹುದು. ಇದನ್ನು ಯೋಚಿಸಿದಾಗೆಲ್ಲ ಸಂಕಟ ಆಗುತ್ತದೆ.

ಕಾನೂನು ಇಲ್ಲ ಅಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಈ ಆಮೆ ಇದೆ. ಹುಲಿಗೆ ಇರುವಷ್ಟೇ ರಕ್ಷಣೆ. ಅರಣ್ಯ ಇಲಾಖೆಯವರು ಮೊಟ್ಟೆ ಇಟ್ಟ ಜಾಗಕ್ಕೆ ಬಲೆಯ ಬೇಲಿ ಹಾಕುತ್ತಾರೆ, ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಮೊಟ್ಟೆ ಇಟ್ಟ ಸುದ್ದಿ ಅವರಿಗೆ ಮುಟ್ಟಿಸುವವರು ಮೀನುಗಾರರು. ಆ ಅಜ್ಜ ಹೇಳಿದರು, ಬಲೆಗೆ ಆಮೆ ಬಿದ್ದರೆ ಬಲೆ ಕತ್ತರಿಸಿಯಾದರೂ ಬಿಡುತ್ತಾರಂತೆ. "ಅದು ದೇವ್ರಲ್ವಾ" ಅಂದರು. ಬಲೆ ಹೋದರೆ ಅವರ ಮನೆಗೆ ಎಷ್ಟು ನಷ್ಟ! ಅವರು ಅಷ್ಟು ಮಾಡುವಾಗ, ಒಂದು ರಾತ್ರಿಯ ಖುಷಿಗೆ ಬರುವ ನಾವು ದೀಪ ಆರಿಸಲಾರೆವೇ?

ಮರುದಿನ ಅಘನಾಶಿನಿಯಿಂದ ತದಡಿಗೆ ದೋಣಿಯಲ್ಲಿ ದಾಟಿದೆವು. ಅಘನಾಶಿನಿ ನದಿ ಕಡಲು ಸೇರುವ ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ನಡುನೀರಿನಲ್ಲಿ ಮೂರು ಡಾಲ್ಫಿನ್ ಬೆನ್ನು ತೋರಿಸಿ ಮುಳುಗಿದವು. ಬೆನ್ನಿನ ಮೇಲೆ ಗೂನಿನಂಥ ಉಬ್ಬು ಇರುವ ಜಾತಿ. ದೋಣಿಯವರು ಎಂಜಿನ್ ಸದ್ದು ತಗ್ಗಿಸಿ, ಅವು ದೂರ ಹೋಗುವವರೆಗೆ ಕಾದರು. ಯಾರೂ ಕೇಳಿಕೊಂಡಿರಲಿಲ್ಲ. ಅದೇ ಮಧ್ಯಾಹ್ನ ಗೋಕರ್ಣದ ಹತ್ತಿರ ಗುಡ್ಡದ ಮೇಲಿಂದ ನೋಡಿದರೆ, ಡಾಲ್ಫಿನ್ ತೋರಿಸುವ ನಾಲ್ಕು ದೋಣಿ ಒಂದೇ ಗುಂಪಿನ ಹಿಂದೆ ಓಡುತ್ತಿದ್ದವು. ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು.

ಜಿಲ್ಲಾಡಳಿತಕ್ಕೂ ಅರಣ್ಯ ಇಲಾಖೆಗೂ ನನ್ನ ಬೇಡಿಕೆ ಇಷ್ಟೇ. ಆಮೆ ಬರುವ, ಮರಿ ಹೊರಡುವ ತಿಂಗಳುಗಳಲ್ಲಿ ಕುಮಟಾ–ಗೋಕರ್ಣ ದಾರಿಯ ಮರಳಿನ ಮೇಲೆ ರಾತ್ರಿ ಬೆಂಕಿ, ಬಿಳಿ ದೀಪ, ಸ್ಪೀಕರ್ ಬೇಡ. ಟೆಂಟ್ ಇದ್ದರೆ ಗಾಳಿಮರಗಳ ಹಿಂದೆ ಇರಲಿ. ನಡೆಯಲು ಬೆಳಕು ಬೇಕೇ ಬೇಕಾದರೆ ಮಂದ ಕೆಂಪು ಬೆಳಕು ಸಾಕು, ಅದು ಆಮೆಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಬೆಟ್ಟದ ಚಾರಣಗಳಿಗೆ ಇಲಾಖೆ ಆನ್‌ಲೈನ್ ಟಿಕೆಟ್ ಮಾಡಿದೆ. ನಾವು ಈ ದಾರಿಯಲ್ಲಿ ನಡೆದಾಗ ಯಾರೂ ಟಿಕೆಟ್ ಕೇಳಲಿಲ್ಲ, ಒಂದು ಮಾತೂ ಹೇಳಲಿಲ್ಲ. ಇಲ್ಲೂ ಟಿಕೆಟ್ ಇಡಿ, ನಾನು ಸಂತೋಷವಾಗಿ ಕೊಡುತ್ತೇನೆ. ಆ ದುಡ್ಡಿನಲ್ಲಿ ಅಲ್ಲಿನ ಮೀನುಗಾರರ ಮಕ್ಕಳನ್ನೇ ರಾತ್ರಿ ಕಾವಲಿಗೆ ಇಟ್ಟುಕೊಳ್ಳಿ. ಆ ದಂಡೆ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಕಳೆದ ವಾರ ಅಜ್ಜನ ಮಗ ಫೋನ್ ಮಾಡಿದ್ದರು. ನಾವು ಕುಳಿತಿದ್ದ ಜಾಗದಿಂದ ಸ್ವಲ್ಪ ದಕ್ಷಿಣಕ್ಕೆ ಒಂದು ಆಮೆ ಮೊಟ್ಟೆ ಇಟ್ಟು ಹೋಗಿದೆಯಂತೆ. ಅದೇ ಆಮೆಯೋ ಬೇರೆಯೋ, ಹೇಳುವುದು ಹೇಗೆ? ಇಲಾಖೆಯವರು ಬಂದು ಬಲೆ ಕಟ್ಟಿದ್ದಾರೆ. ಮರಿಗಳು ಮಾರ್ಚ್ ಎರಡನೆಯ ವಾರದ ಹೊತ್ತಿಗೆ ಹೊರಗೆ ಬರಬಹುದು ಅಂದರು. ದಯವಿಟ್ಟು ಅಷ್ಟರೊಳಗೆ ಆ ದಂಡೆಯ ದೀಪಗಳನ್ನು ಆರಿಸಿ.

– ಒಬ್ಬ ಓದುಗಿ, ಸಾಗರ