ಮುಂದಿನ ರೀಡಿಂಗ್‌ನಿಂದ ಹರಾಜು ಇಲ್ಲ, ಎಲ್ಲರಿಗೂ ಒಂದೇ ದರ

ಸದಸ್ಯರೆಲ್ಲರಿಗೂ ನಮಸ್ಕಾರ,

ನೇರವಾಗಿ ವಿಷಯಕ್ಕೆ ಬರುತ್ತೇವೆ. ನಮ್ಮ ಬಡಾವಣೆಯ ಸೋಲಾರ್ ಸಂಘದಲ್ಲಿ ತಾರಸಿಯ ಪ್ಯಾನೆಲ್‌ನಲ್ಲಿ ಮಿಕ್ಕ ಕರೆಂಟನ್ನು ಅಕ್ಕಪಕ್ಕದವರಿಗೆ ಮಾರುವ ವ್ಯಾಪಾರಕ್ಕೆ ಇನ್ನು ಹರಾಜು ಇರುವುದಿಲ್ಲ. ಮುಂದಿನ ಮೀಟರ್ ರೀಡಿಂಗ್ ಆದ ದಿನದಿಂದ ದರ ಒಂದೇ, ಹಂಚಿಕೆ ಸಮಪಾಲು.

ಕಾರಣ ಇಷ್ಟು. ನಮ್ಮಲ್ಲಿ 15 ನಿಮಿಷಕ್ಕೊಂದು ಲೆಕ್ಕ, ದಿನಕ್ಕೆ 96. ಪ್ರತಿ ಸಲವೂ ಜಾಸ್ತಿ ಬೆಲೆ ಕೂಗಿದವರಿಗೆ ಮೊದಲ ಪಾಲು. ಸದಸ್ಯರು ಕಡಿಮೆ ಇದ್ದಾಗ ಇದು ಚೆನ್ನಾಗಿಯೇ ನಡೆಯಿತು. ಈಗ ಮಧ್ಯಾಹ್ನದ ಲೆಕ್ಕ ನೋಡಿ. ಮೂಲೆಯ ಟೈಲರ್ ಅಂಗಡಿಯಲ್ಲಿ ಎರಡು ಮಷೀನು, ಒಂದು ಇಸ್ತ್ರಿಪೆಟ್ಟಿಗೆ ಓಡುತ್ತಿರುತ್ತದೆ. ಪಕ್ಕದ ಮನೆಯ ತಾರಸಿಯಿಂದ ಹೊರಬಿದ್ದ ಕರೆಂಟು ನಿಜವಾಗಿ ಹರಿಯುವುದು ಆ ಇಸ್ತ್ರಿಪೆಟ್ಟಿಗೆಗೇ, ಹತ್ತಿರದಲ್ಲಿ ಕರೆಂಟ್ ಎಳೆಯುತ್ತಿರುವುದು ಅದೇ. ಆದರೆ ಲೆಕ್ಕದಲ್ಲಿ ಆ ಯೂನಿಟ್ ಹೋಗುವುದು ಮೂರು ಬೀದಿ ಆಚೆಯ ಎಸಿ ಕಚೇರಿಗೆ, ಯಾಕೆಂದರೆ ಅವರ ಸಾಫ್ಟ್‌ವೇರ್ ತಾನಾಗಿಯೇ ಐದೈದು ಪೈಸೆ ಏರಿಸುತ್ತಾ ಕೂಗುತ್ತದೆ. ಕೈಯಲ್ಲಿ ಕತ್ತರಿ ಹಿಡಿದವರು ಕಾಲುಗಂಟೆಗೊಮ್ಮೆ ಫೋನ್ ತೆಗೆದು ಬೆಲೆ ಕೂಗೋಕಾಗುತ್ತಾ? ಇದು ನ್ಯಾಯ ಅಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಇನ್ನು ಮೇಲೆ ದರ ಎಷ್ಟು? ಹೆಚ್ಚುವರಿ ಯೂನಿಟ್‌ಗೆ ಎಸ್ಕಾಂ (ಬೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿ) ಕೊಡುವ ದರ ಒಂದು, ಮನೆ ಬಳಕೆಗೆ ಎಸ್ಕಾಂ ಹಾಕುವ ದರ ಇನ್ನೊಂದು. ಎರಡರ ನಟ್ಟನಡುವಿನದು ನಮ್ಮ ದರ. ವಿದ್ಯುತ್ ದರ ನಿಗದಿ ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿ ದರ ಬದಲಿಸಿದರೆ ಇದೂ ಬದಲಾಗುತ್ತದೆ.

ಹಂಚಿಕೆ ಹೀಗೆ: ಒಂದು ಕಾಲುಗಂಟೆಯಲ್ಲಿ 2 ಯೂನಿಟ್ ಉಳಿದಿದೆ, ಕೊಳ್ಳುವವರು ನಾಲ್ವರು ಅಂದುಕೊಳ್ಳಿ. ತಲಾ ಅರ್ಧ ಯೂನಿಟ್. ಒಂದು ಕಿಲೋವ್ಯಾಟ್‌ನ ಇಸ್ತ್ರಿಪೆಟ್ಟಿಗೆಗೆ ಆ ಹೊತ್ತಿಗೆ ಬೇಕಾಗುವುದು ಕಾಲು ಯೂನಿಟ್ ಮಾತ್ರ, ಹಾಗಾಗಿ ಮಿಕ್ಕ ಕಾಲು ಯೂನಿಟ್ ಉಳಿದ ಮೂವರಿಗೆ ಹೋಗುತ್ತದೆ. ಯಾರೂ ಫೋನ್ ನೋಡುತ್ತಾ ಕೂರಬೇಕಿಲ್ಲ.

ಮಾರುವವರಿಗೆ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ವಾರದ ದಿನಗಳಲ್ಲಿ ನಿಮಗೆ ಸಿಗುತ್ತಿದ್ದ ಒಳ್ಳೆಯ ಬೆಲೆ ಇನ್ನು ಸಿಗುವುದಿಲ್ಲ. ಆದರೆ ಭಾನುವಾರ ಕಚೇರಿ, ಅಂಗಡಿ ಬಾಗಿಲು ಹಾಕಿದಾಗ ಬೆಲೆ ಕುಸಿಯುತ್ತಿತ್ತಲ್ವಾ, ಅದೂ ನಿಲ್ಲುತ್ತದೆ. ಮಾರಾಟವಾಗದೆ ಉಳಿದದ್ದು ಎಂದಿನಂತೆ ಎಸ್ಕಾಂಗೆ. ನನ್ನ ಪ್ಯಾನೆಲ್, ನನ್ನ ಬೆಲೆ ಅಂತ ಕೆಲವರು ಕೇಳಿದ್ದೀರಿ. ಆ ಮಾತಿನಲ್ಲಿ ಹುರುಳಿದೆ, ನಿಮ್ಮ ದುಡ್ಡೂ ಅದರಲ್ಲಿದೆ. ಆದರೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದವರಿಗೆ ಬಂದ 78,000 ರೂಪಾಯಿ ಸಬ್ಸಿಡಿ ಎಲ್ಲರ ತೆರಿಗೆಯಿಂದ ಬಂದದ್ದು, ಸ್ವಂತ ತಾರಸಿ ಇಲ್ಲದ ಬಾಡಿಗೆ ಮನೆಯವರದೂ ಅದರಲ್ಲಿ ಸೇರಿದೆ. ಅವರಿಗೂ ಬಿಸಿಲಿನ ಕರೆಂಟು ಸಿಗಬೇಕು ಅಂತಲೇ ಈ ಸಂಘ ಕಟ್ಟಿದ್ದು.

ಇನ್ನೊಂದು ಮುಖ್ಯ ವಿಷಯ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವವರು ದಯವಿಟ್ಟು ಸಂಘದಿಂದ ಕರೆಂಟ್ ಕೊಳ್ಳಬೇಡಿ. ಪುಕ್ಕಟೆ ಸಿಗುವುದಕ್ಕೆ ಸುಮ್ನೆ ದುಡ್ಡು ಕೊಟ್ಟಂತಾಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಬಳಕೆ 200 ಯೂನಿಟ್ ದಾಟುವ ಹಾಗಿದ್ದರೆ ಮಾತ್ರ ಬಂದು ಮಾತಾಡಿ, ಲೆಕ್ಕ ಹಾಕಿ ಹೇಳುತ್ತೇವೆ.

ಈ ಬದಲಾವಣೆ ಬೇಡ ಅನ್ನುವವರು ರೀಡಿಂಗ್‌ಗೆ ಮುಂಚೆ ತಿಳಿಸಿದರೆ ಸಾಕು, ನಿಮ್ಮ ಮೀಟರನ್ನು ಹಂಚಿಕೆಯಿಂದ ತೆಗೆದು ಠೇವಣಿ ವಾಪಸ್ ಕೊಡುತ್ತೇವೆ. ಅನುಮಾನ ಇದ್ದವರು ಹಿಂದಿನ ಎರಡು ಬಿಲ್ ತೆಗೆದುಕೊಂಡು ಸಂಜೆ ಹೊತ್ತು ಸಂಘದ ಕಚೇರಿಗೆ ಬನ್ನಿ.

ಇಂತಿ,
ನಿಮ್ಮ ಸಂಘದ ಆಡಳಿತ ಮಂಡಳಿ