ಕರಗಿಸುವ ಮುನ್ನ ಡಾಲರ್ ತಿರುವಿ ನೋಡಿ

ಮಾನ್ಯರೇ,

ಬೆಳ್ಳಿ ದರ ಏರಿದಾಗಲೆಲ್ಲ ಕಲಬುರಗಿಯ ಸರಾಫ್ ಬಜಾರಿಗೆ ಮನೆಮನೆಯ ಟ್ರಂಕಿನ ಹಳೆ ಬೆಳ್ಳಿ ಬರುತ್ತದೆ. ಕಾಲ್ಗಡಗ, ಉಡದಾರ, ನಿಜಾಮರ ಚಾರ್‌ಮಿನಾರ್ ರೂಪಾಯಿಗಳ ನಡುವೆ ಒಮ್ಮೊಮ್ಮೆ ಅಮೆರಿಕದ ದಪ್ಪ ಡಾಲರ್ ನಾಣ್ಯ ಕೂಡ ಸಿಗುತ್ತದೆ. ಅದನ್ನೂ ತಕ್ಕಡಿಗೆ ಹಾಕಿ ಹಳೆ ಬೆಳ್ಳಿಯ ಲೆಕ್ಕದಲ್ಲೇ ಮುಗಿಸುತ್ತಾರೆ. ಬಹಳಷ್ಟು ಸಲ ಅದು ನ್ಯಾಯವಾದ ಬೆಲೆಯೇ. ಕೆಲವು ಸಲ ಅಲ್ಲ. ಇನ್ನು ಕೆಲವು ಸಲ ಆ ನಾಣ್ಯ ಬೆಳ್ಳಿಯದೇ ಅಲ್ಲ.

ಮೊದಲು ತೂಕ. 1840ರಿಂದ 1935ರವರೆಗಿನ ಬೆಳ್ಳಿ ಡಾಲರ್ 26.73 ಗ್ರಾಂ, ಅಡ್ಡಳತೆ 38.1 ಮಿ.ಮೀ., ನೂರಕ್ಕೆ 90 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಚೀನಾ ವ್ಯಾಪಾರಕ್ಕೆಂದು 1873ರಿಂದ ಟಂಕಿಸಿದ ಟ್ರೇಡ್ ಡಾಲರ್ ಮಾತ್ರ 27.22 ಗ್ರಾಂ. ಸವೆದಿದ್ದರೆ ತುಸು ಕಡಿಮೆ ಬರಬಹುದು. 18–20 ಗ್ರಾಂ ಬಂದರೆ ಅದು ನಕಲಿ, ಮುಂದಿನ ಪರೀಕ್ಷೆಯೇ ಬೇಡ. ಅಯಸ್ಕಾಂತಕ್ಕೆ ಅಂಟಿದರೂ ಅಷ್ಟೇ. ಟ್ರೇಡ್ ಡಾಲರ್ ಎಂದು ಕೆತ್ತಿ 1873ಕ್ಕಿಂತ ಹಿಂದಿನ ಇಸವಿ ಹಾಕಿದ್ದರೆ ಅದು ನಕಲಿಯೇ. 1971–78ರ ಐಸೆನ್‌ಹೋವರ್ ಡಾಲರ್‌ಗಳಲ್ಲಿ ‘ಎಸ್’ (ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ) ಗುರುತಿನ ಕೆಲವನ್ನು ಬಿಟ್ಟರೆ ಬೆಳ್ಳಿ ಇಲ್ಲ. ಅಂಚಿನಲ್ಲಿ ತಾಮ್ರದ ಕೆಂಪು ಕಾಣುತ್ತದೆ.

ತೂಕ ಸರಿ ಬಂದರೂ ನಂಬಬೇಡಿ, ಜಾಣ ನಕಲುಗಾರರು ದಪ್ಪ ಹೆಚ್ಚಿಸಿ ತೂಕ ಸರಿದೂಗಿಸುತ್ತಾರೆ. ದಶಾಂಶದವರೆಗೂ ತೂಕ ತೋರಿಸುವ ಎಲೆಕ್ಟ್ರಾನಿಕ್ ಕಾಟಾದ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ತೆಳು ದಾರದಲ್ಲಿ ನಾಣ್ಯ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಕಾಟಾ 2.6 ಗ್ರಾಂ ಆಸುಪಾಸು ತೋರಿಸಬೇಕು. 3 ಅಥವಾ ಅದಕ್ಕೂ ಮೇಲೆ ಹೋದರೆ ಹಿತ್ತಾಳೆ ಇಲ್ಲವೇ ತಾಮ್ರ-ನಿಕಲ್. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆಯೂ ಲೆಕ್ಕ ಕೆಡಿಸುತ್ತದೆ, ಒಮ್ಮೆ ಅಲುಗಾಡಿಸಿ ನೋಡಿ. ಒರೆಗಲ್ಲು, ಅರ, ಆಸಿಡ್ ಯಾವುದೂ ಬೇಕಿಲ್ಲ.

ನಮ್ಮ ಕಡೆ ಸಿಗುವವು ಹೆಚ್ಚಾಗಿ ಎರಡು. ರೆಕ್ಕೆ ಚಾಚಿದ ಹದ್ದಿನ ಮಾರ್ಗನ್ ಡಾಲರ್ (1878–1904, ಮತ್ತೆ 1921) ಮತ್ತು ಬಂಡೆಯ ಮೇಲೆ ಕೂತ ಹದ್ದಿನ ಪೀಸ್ ಡಾಲರ್ (1921–28, 1934–35). ಹದ್ದಿರುವ ಬದಿಯಲ್ಲೇ ಟಂಕಸಾಲೆಯ ಗುರುತೂ ಇರುತ್ತದೆ. ಮಾರ್ಗನ್‌ನಲ್ಲಿ ಬಾಲದ ಕೆಳಗಿನ ಮಾಲೆಯ ಗಂಟಿನಡಿ ನೋಡಿ: ‘ಓ’ ನ್ಯೂ ಆರ್ಲಿಯನ್ಸ್, ‘ಎಸ್’ ಸ್ಯಾನ್ ಫ್ರಾನ್ಸಿಸ್ಕೊ, ‘ಸಿಸಿ’ ಕಾರ್ಸನ್ ಸಿಟಿ, ‘ಡಿ’ ಡೆನ್ವರ್, ಖಾಲಿ ಇದ್ದರೆ ಫಿಲಡೆಲ್ಫಿಯಾ. ಬೆಲೆಯ ಗುಟ್ಟೆಲ್ಲ ಈ ಪುಟ್ಟ ಅಕ್ಷರ ಮತ್ತು ಇಸವಿಯ ಜೋಡಿಯಲ್ಲಿದೆ. 1921ರ ಮಾರ್ಗನ್ ಫಿಲಡೆಲ್ಫಿಯಾ ಒಂದರಲ್ಲೇ 4 ಕೋಟಿಗೂ ಹೆಚ್ಚು ಟಂಕವಾಗಿದೆ. 1893ರ ‘ಎಸ್’ ಬರೀ 1 ಲಕ್ಷ. ಹಾಗಾಗಿಯೇ ಸಾಧಾರಣ 1893ಕ್ಕೆ ‘ಎಸ್’ ಅಂಟಿಸಿ ಮಾರುವವರಿದ್ದಾರೆ. ಅಸಲಿಯ ಮುಖದ ಬದಿಯಲ್ಲಿ ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ತಲೆಯಲ್ಲಿ ಉಬ್ಬಿದ ಸಣ್ಣ ಓರೆ ಗೆರೆ ಇರುತ್ತದೆ, ಭೂತಗನ್ನಡಿ ಬೇಕು. 1889ರ ‘ಸಿಸಿ’, ಗುರುತಿಲ್ಲದ 1928ರ ಪೀಸ್ ಡಾಲರ್‌ಗಳನ್ನೂ ತಿಳಿದವರಿಗೆ ತೋರಿಸದೆ ಕೊಡಬೇಡಿ.

ಅಂದಹಾಗೆ, 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ 27 ಕೋಟಿ ಡಾಲರ್ ನಾಣ್ಯ ಕರಗಿಸಿತು. ಅದರ ಬಹುಪಾಲು ಬೆಳ್ಳಿ ಬ್ರಿಟಿಷರ ಮೂಲಕ ಭಾರತಕ್ಕೇ ಬಂತು.

ಕನಿಷ್ಠ ಬೆಲೆಯ ಲೆಕ್ಕ ಸುಲಭ. ಒಂದು ಡಾಲರ್‌ನಲ್ಲಿ ಶುದ್ಧ ಬೆಳ್ಳಿ 24.06 ಗ್ರಾಂ. ಕಿಲೋಗೆ 1 ಲಕ್ಷ ರೂಪಾಯಿ ಎಂದು ಹಿಡಿದರೆ 2,406 ರೂಪಾಯಿ. ಆ ದಿನದ ದರ ಹಾಕಿಕೊಳ್ಳಿ. ಕರಗಿಸುವಾಗಿನ ನಷ್ಟವೆಂದು ಸರಾಫರು ಒಂದಿಷ್ಟು ಕಡಿತ ಹಿಡಿಯುವುದು ಸಹಜ. ಅದರ ಮೇಲಿನ ಬೆಲೆ ಇಸವಿ, ಗುರುತಿನ ಜೊತೆಗೆ ಸವೆತಕ್ಕೂ ತಕ್ಕಂತೆ. ಮಾರ್ಗನ್‌ನಲ್ಲಿ ಕಿವಿಯ ಮೇಲಿನ ಕೂದಲು, ಹದ್ದಿನ ಎದೆಯ ಗರಿಗಳು ಮೊದಲು ಸವೆಯುತ್ತವೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ, ಸರಕ್ಕೆಂದು ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಾಹಕರು ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡುವುದು ಅಪರೂಪ. ಕಪ್ಪಗಿದ್ದರೆ ಕಪ್ಪಗೇ ಇರಲಿ. ಸರಾಫರಲ್ಲಿ ನಮ್ಮ ವಿನಂತಿಯೂ ಇದೇ: ಇಂಥ ನಾಣ್ಯ ಕಂಡರೆ ಅರ ಹಚ್ಚುವ ಮುನ್ನ ಇಸವಿ, ಗುರುತು ಎರಡನ್ನೂ ಗಿರಾಕಿಗೆ ತೋರಿಸಿ.

ಫೋನಿನಲ್ಲಿ ಲಕ್ಷಗಟ್ಟಲೆ ಬೆಲೆ ಹೇಳಿ, ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಮುಂಗಡ ಶುಲ್ಕ ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಹಳೆ ನಾಣ್ಯದ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲವೆಂದು ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. 100 ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಪರವಾನಗಿ ಇಲ್ಲದೆ ಅದನ್ನು ವಿದೇಶಕ್ಕೆ ಕಳಿಸುವಂತೆಯೂ ಇಲ್ಲ.

– ಹವ್ಯಾಸಿ ನಾಣ್ಯ ಸಂಗ್ರಾಹಕರು, ಕಲಬುರಗಿ